ಎಡಗೈ ಶಿಲುಬೆ

ಪವಿತ್ರ ವಾರದ ಬುಧವಾರ, ಬಿಸಿಲೇರುವ ಮೊದಲೇ ಬ್ಲಾಸಿದಾ ಒಂದು ಬುಟ್ಟಿ ಮೊಟ್ಟೆ ಹೊತ್ತು ತನ್ನ ಜ್ಞಾನತಾಯಿಯ ಮನೆಗೆ ಬಂದಳು. ಆ ದಿನ ಊರಿನಲ್ಲಿ ಹೊಗೆಯೇಳದ ಹಿತ್ತಿಲಿಲ್ಲ. ಶುಕ್ರವಾರ ಯಾರೂ ಒಲೆ ಹೊತ್ತಿಸುವುದಿಲ್ಲವಾದ್ದರಿಂದ ಅಂದಿಗೂ ಆಮೇಲಿನ ದಿನಗಳಿಗೂ ಬೇಕಾದಷ್ಟು ಚೀಪಾ ರೊಟ್ಟಿಯನ್ನು ಬುಧವಾರವೇ ಸುಟ್ಟಿಡಬೇಕು. ಮರಗೆಣಸಿನ ಹಿಟ್ಟು, ಚೀಸ್, ಮೊಟ್ಟೆ, ಹಂದಿಯ ಕೊಬ್ಬು, ಒಂದು ಹಿಡಿ ಸೋಂಪು. ಪರಾಗ್ವೆಯಲ್ಲಿ ಹುಟ್ಟಿದ ಯಾವ ಹೆಂಗಸಿಗೂ ಇದನ್ನು ಅಳೆದು ಹೇಳಬೇಕಾಗಿಲ್ಲ.

ಮಾವಿನ ಮರದ ಕೆಳಗೆ ಚರ್ಮದ ಪಟ್ಟಿಯ ಕುರ್ಚಿ ಇರಲಿಲ್ಲ. ಜ್ಞಾನತಾಯಿ ದೆಯೊಲಿಂದಾ, ಊರಿನವರ ಗೌರವದ ಮಾತಿನಲ್ಲಿ ನ್ಯಾ ದೆಯೊಲಿಂದಾ, ಬೆಳಿಗ್ಗೆ ಎದ್ದು ಆ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದವರೆಗೂ ಅಲ್ಲೇ. ದಾರಿಯಲ್ಲಿ ಹೋಗುವವರು ಬೇಲಿಯ ಹತ್ತಿರ ನಿಂತು ಕೈ ಜೋಡಿಸುತ್ತಿದ್ದರು, ಅವಳು ಗಾಳಿಯಲ್ಲಿ ಶಿಲುಬೆ ಎಳೆದು ಕಳಿಸುತ್ತಿದ್ದಳು. ಊರಿನ ಅರ್ಧ ಜನರನ್ನು ಜ್ಞಾನಸ್ನಾನದ ದಿನ ಎತ್ತಿ ಹಿಡಿದವಳು ಅವಳೇ. ಅವರೆಲ್ಲರಿಗೂ ಅವಳು ಮಾದ್ರೀನಾ.

ಅವಳು ಒಳಗೆ, ಕಿಟಕಿಯ ಪಕ್ಕ ಕೂತಿದ್ದಳು. ಬ್ಲಾಸಿದಾ ಬುಟ್ಟಿಯನ್ನು ಕೆಳಗಿಟ್ಟಳು. ಎರಡು ಕೈಯೂ ಬರಿದಾಗಿರಬೇಕಲ್ಲ. ಅಂಗೈಗಳನ್ನು ಎದೆಯ ಮುಂದೆ ಜೋಡಿಸಿ ತಲೆ ಬಾಗಿಸಿದಳು.

"ಆಶೀರ್ವಾದ ಮಾಡಿ, ಮಾದ್ರೀನಾ."

ಈ ಮಾತಿನ ಹಿಂದೆಯೇ ಬರಬೇಕಾದದ್ದು ಬರಲಿಲ್ಲ. ಕಳೆದ ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿದಾಗಿನಿಂದ ನ್ಯಾ ದೆಯೊಲಿಂದಾಳ ಬಲಗೈ ಮಡಿಲಲ್ಲಿ ಸೌದೆಯ ತುಂಡಿನಂತೆ ಬಿದ್ದಿರುತ್ತಿತ್ತು. ಆದರೂ ಇಷ್ಟು ತಿಂಗಳು ಆಶೀರ್ವಾದಕ್ಕೆ ಕೊರತೆಯಾಗಿರಲಿಲ್ಲ. ಎಡಗೈ ಎತ್ತಿ ಮಾಡುತ್ತಿದ್ದಳು. ಬ್ಲಾಸಿದಾಗೆ ಅದು ಎಡಗೈ ಎಂದು ಯೋಚಿಸಲೂ ತೋಚಿರಲಿಲ್ಲ. ಮಾದ್ರೀನಾಳ ಕೈ, ಅಷ್ಟೆ.

"ಮೊಟ್ಟೆ ಒಡೆದಿಲ್ಲ ತಾನೇ? ನೆರಳಲ್ಲಿಡು," ಎಂದು ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಬ್ಲಾಸಿದಾ ಕೈ ಜೋಡಿಸಿಕೊಂಡೇ ನಿಂತಳು. ಜೋಡಿಸಿದ ಕೈಯನ್ನು ಆಶೀರ್ವಾದ ಸಿಗದೆ ಬಿಡಿಸುವುದು ಹೇಗೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕೊನೆಗೆ, ಮೊಟ್ಟೆಯ ಬುಟ್ಟಿ ಎತ್ತುವ ನೆಪದಲ್ಲಿ ಬಿಡಿಸಿದಳು.

ಹಿತ್ತಿಲಿಗೆ ಹೋಗುವಷ್ಟರಲ್ಲಿ ತನ್ನ ತಪ್ಪುಗಳನ್ನೆಲ್ಲ ಮನಸ್ಸಿನಲ್ಲೇ ಹರಡಿಕೊಂಡು ನೋಡಿದಳು. ಕಳೆದ ವಾರ ಔಷಧಿ ತರಲು ತಡ ಮಾಡಿದೆನೇ? ಗರಿಗಳ ಭಾನುವಾರ ಮಾದ್ರೀನಾಗೆ ಕೊಟ್ಟ ತಾಳೆಗರಿ ಒಣಗಿದ್ದಿರಬಹುದೇ? ಬ್ಲಾಸಿದಾ ಯಾವತ್ತೂ ಹೀಗೇ. ಯಾರ ಮುಖ ಬಾಡಿದರೂ ಕಾರಣವನ್ನು ಮೊದಲು ತನ್ನ ಜೇಬಿನಲ್ಲೇ ಹುಡುಕುವವಳು.

ಹಿತ್ತಿಲಲ್ಲಿ ನ್ಯಾ ದೆಯೊಲಿಂದಾಳ ಮಗಳು ನಿಮಿಯಾ ಮರದ ತೊಟ್ಟಿಯಲ್ಲಿ ಮೊಣಕೈವರೆಗೂ ಹಿಟ್ಟಿನಲ್ಲಿ ಮುಳುಗಿದ್ದಳು.

"ಬಾಮ್ಮಾ ಟೀಚರಮ್ಮಾ, ಬಾ. ಕೈ ತೊಳ್ಕೊಂಡು ನಾದು. ಪಾಠ ಹೇಳಿದ್ದು ಸಾಕು."

ಬ್ಲಾಸಿದಾ ಹೊಟ್ಟೆಪಾಡಿಗೆ ಸಮವಸ್ತ್ರ ಹೊಲಿಯುತ್ತಿದ್ದಳು. ಮದುವೆಯಾದ ಮೇಲೆ ಸಂಜೆ ಶಾಲೆಗೆ ಹೋಗಿ ಓದು ಮುಗಿಸಿ, ಈಗ ಮೂರು ವರ್ಷದಿಂದ ಶನಿವಾರಗಳಂದು ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದಳು. ಪ್ರತಿ ಪಾಠವನ್ನೂ ಮೊದಲು ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಗಟ್ಟಿಯಾಗಿ ಹೇಳಿ ನೋಡಿಕೊಂಡೇ ಹೋಗುವಳು. ಆದರೂ ತಾನು ಟೀಚರ್ ಎಂದು ಅವಳಿಗಿನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ನಿಮಿಯಾ ಹಾಗೆ ಕರೆದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು.

"ಮಾದ್ರೀನಾಗೆ ನನ್ಮೇಲೆ ಕೋಪಾನಾ?" ಎಂದು ಕೇಳಿದಳು.

"ನಿನ್ನೊಬ್ಬಳ ಮೇಲೆ ಅಂತಲ್ಲ. ಭಾನುವಾರದಿಂದ ಯಾರಿಗೂ ಕೊಟ್ಟಿಲ್ಲ. ನಂಗೂ ಇಲ್ಲ, ಮೊಮ್ಮಗಳಿಗೂ ಇಲ್ಲ. ನಿನ್ನೆ ಹಾಲಿನ ಸೆವೇರೋ ಬಂದು ಕೈ ಜೋಡಿಸಿ ನಿಂತ. ನಿಂತ, ನಿಂತ, ಬೇಲಿ ಕಂಬಾನೇ ಆಗ್ಬಿಟ್ಟ. ಆಮೇಲೆ ಹಾಲು ಅಳೆದು ಹೋದ. ಪಾಪ, ಅರ್ಧ ಲೀಟರ್ ಜಾಸ್ತೀನೇ ಅಳೆದಿದ್ದ."

"ಯಾಕಂತೆ?"

"ಯಾಕಂತೆ ಅಂತ ನನ್ನ ಕೇಳ್ತೀಯಲ್ಲ! ನಿನ್ನ ಶಿಷ್ಯೆ ಅಲ್ಲಿ ಕೂತಿದಾಳೆ ನೋಡು, ಅವಳನ್ನೇ ಕೇಳು."

ನಿಮಿಯಾಳ ಮಗಳು ಅರಾಸೆಲಿ ಬಾಳೆ ಎಲೆಗಳನ್ನು ಒರೆಸಿ ಒಂದರ ಮೇಲೊಂದು ಜೋಡಿಸುತ್ತಿದ್ದಳು. ಎಂಟು ವರ್ಷದ ಹುಡುಗಿ. ಈ ವರ್ಷ ಮೊದಲ ಪರಮಪ್ರಸಾದ ತೆಗೆದುಕೊಳ್ಳುವವಳು. ತಲೆಯೆತ್ತಿ ಹೆಮ್ಮೆಯಿಂದ ಹೇಳಿದಳು:

"ಎಡಗೈಲಿ ಹಾಕಿದ ಶಿಲುಬೆ ದೇವರಿಗೆ ಕಾಣಿಸಲ್ಲ ಅಂತ ನೀವೇ ಹೇಳಿದ್ರಲ್ಲ ಟೀಚರ್? ಅಜ್ಜಿಗೆ ಗೊತ್ತಿಲ್ಲವೇನೋ ಅಂತ ನಾನು ಹೋಗಿ ಹೇಳ್ದೆ."

ಬ್ಲಾಸಿದಾಳ ಬೆರಳುಗಳು ಹಿಟ್ಟಿನೊಳಗೇ ನಿಂತುಬಿಟ್ಟವು. ಹೌದು, ಹೇಳಿದ್ದಳು. ಶನಿವಾರ ಒಬ್ಬ ಹುಡುಗ ಬಲಗೈಯಲ್ಲಿ ಲಾಲಿಪಾಪ್ ಹಿಡಿದು ಎಡಗೈಯಲ್ಲಿ ಹಣೆ ಮುಟ್ಟಿಕೊಂಡಿದ್ದ. ಉಳಿದವರು ಕಿಸಕ್ಕೆಂದು ನಕ್ಕಿದ್ದರು. ಗದ್ದಲ ಅಡಗಲಿ ಎಂದು ಅವಳ ಬಾಯಿಂದ ಆ ಮಾತು ಬಂದಿತ್ತು. ಮನೆಯಲ್ಲಿ ಹೇಳಿ ನೋಡಿಕೊಳ್ಳದೆ ಆಡಿದ ಒಂದೇ ಮಾತು ಅದು.

"ಶುಕ್ರವಾರ ಬಾಗಿಲು ಹಾಕಿಡು ಅಂದಿದಾಳೆ ಅಮ್ಮ," ಎಂದಳು ನಿಮಿಯಾ. ಈಗ ಅವಳ ದನಿಯಲ್ಲಿ ಕುಹಕವಿರಲಿಲ್ಲ. "ಮಕ್ಕಳು ಮರಿ ಎಲ್ಲ ಆಶೀರ್ವಾದಕ್ಕೆ ಮೊಣಕಾಲೂರೋಕೆ ಬರೋ ದಿನ. ಏನಂತ ಹೇಳಿ ಕಳಿಸ್ಲಿ? ಶುಭ ಶುಕ್ರವಾರ ಬಾಗಿಲು ಹಾಕಿದ ಮನೆ ಅಂದ್ರೆ ಹೆಣ ಇರೋ ಮನೆ ಅಂದ್ಕೋತಾರೆ ಜನ. ಅವಳೂ ಹಾಗೇ ಕೂತಿದಾಳೆ, ಸತ್ತೋರ ಥರ. ಊಟ ಸೇರ್ತಿಲ್ಲ. ಕೈ ಹೋದಾಗ ಕೂಡ ಇಷ್ಟು ಕುಗ್ಗಿರ್ಲಿಲ್ಲ ಕಣೇ."

ಬ್ಲಾಸಿದಾ ಕೈ ತೊಳೆದು, ಏಪ್ರನ್ ಬಿಚ್ಚುವುದನ್ನೂ ಮರೆತು, ನೇರ ಚರ್ಚಿಗೆ ನಡೆದಳು.

ಚರ್ಚಿನ ಪಾದ್ರಿ, ಸ್ವಾಮಿಯವರು, ಅಂಗಳದಲ್ಲಿ ಧ್ವನಿವರ್ಧಕದ ತಂತಿ ಬಿಡಿಸುತ್ತ ಕೂತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು. ಬಲಿಪೂಜೆಗೂ ಮೆರವಣಿಗೆಗೂ ನಡುವೆ ಅವರಿಗೆ ಉಸಿರು ಬಿಡಲೂ ಪುರುಸೊತ್ತಿರಲಿಲ್ಲ. ಅವಳು ತೊದಲುತ್ತ ಎಲ್ಲವನ್ನೂ ಹೇಳಿದಳು.

"ಎಡಗೈಲೂ ಆಗತ್ತೆ ಅಂತ ಹೇಳ್ಬಿಡಿ ಅಮ್ಮಾ. ದೇವರಿಗೆ ಎಡ ಯಾವುದು, ಬಲ ಯಾವುದು?"

"ಪುಸ್ತಕದಲ್ಲಿ ಬಲಗೈ ಅಂತ ಇದೆಯಲ್ಲ ಸ್ವಾಮಿ."

"ಬಲಗೈ ಏಳೋರಿಗೆ ಬಲಗೈ. ಏಳದೇ ಇರೋರಿಗೆ ಇನ್ನೊಂದು. ನಾನು ಹೇಳಿದೆ ಅಂತಾನೇ ಹೇಳಿ."

ಅಂಗಡಿಗೆ ಕಳಿಸಿದ ಮಗುವಿನಂತೆ ಆ ಮಾತನ್ನೇ ದಾರಿಯುದ್ದಕ್ಕೂ ಮತ್ತೆ ಮತ್ತೆ ಹೇಳಿಕೊಳ್ಳುತ್ತ ಅವಳು ಹಿಂದಿರುಗಿದಳು. ಕೆಂಪು ಮಣ್ಣಿನ ದೂಳು ಚಪ್ಪಲಿಯೊಳಗೆಲ್ಲ ತುಂಬಿತ್ತು. ಒಲೆಯ ಬಾಯಿ ಮುಚ್ಚಿದ್ದರು. ಹಿತ್ತಿಲೆಲ್ಲ ಸೋಂಪಿನ ಪರಿಮಳ.

ನ್ಯಾ ದೆಯೊಲಿಂದಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಂದು ಪಕ್ಕದ ತುಟಿಯಲ್ಲಿ ನಕ್ಕಳು. ಇನ್ನೊಂದು ಪಕ್ಕ ಈಗ ನಗುತ್ತಿರಲಿಲ್ಲ.

"ಒಳ್ಳೇ ಹುಡುಗ ಕಣೇ ಅವನು. ಮುದುಕಿ ಕೇಳಿದ್ರೆ ಶುಕ್ರವಾರ ಮಾಂಸಾನೂ ತಿನ್ನು ಅಂತಾನೆ. ಕೂತ್ಕೋ ಇಲ್ಲಿ."

ಬ್ಲಾಸಿದಾ ಹಾಸಿಗೆಯ ಅಂಚಿನಲ್ಲಿ ಕೂತಳು.

"ಅರಾಸೆಲಿ ಬಂದು ಹೇಳಿದ್ಲಲ್ಲ, ಆ ಮಾತು ಯಾರದು ಗೊತ್ತಾ?"

"ನಂದು ಮಾದ್ರೀನಾ. ತಪ್ಪಾಯ್ತು. ಯೋಚ್ನೆ ಮಾಡ್ದೆ ಅಂದ್ಬಿಟ್ಟೆ."

"ನಿಂದಲ್ಲ. ನಂದು." ಮುದುಕಿ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ, ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡಳು, ಮಲಗಿದ ಮಗುವನ್ನು ಸರಿಸುವಂತೆ. "ನೀನು ಹುಟ್ಟಾ ಎಡಚಿ. ಚಮಚ ಎಡಗೈಲಿ, ಕಲ್ಲು ಎಸೆಯೋದು ಎಡಗೈಲಿ. ಶಿಲುಬೆ ಗುರುತೂ ಎಡಗೈಲೇ. ನಿಮ್ಮಮ್ಮ ನಿನ್ನ ನನ್ನ ಹತ್ರ ಬಿಟ್ಟು ಗದ್ದೆ ಕೆಲಸಕ್ಕೆ ಹೋಗೋಳು. ನಿನ್ನ ಬಲ ಮಣಿಕಟ್ಟಿಗೆ ಕೆಂಪು ನೂಲು ಕಟ್ಟಿದ್ದು ಯಾರು? ಎಡಗೈ ಮೇಲೆದ್ದಾಗೆಲ್ಲ ಚಟ್ ಅಂತ ಕೊಟ್ಟಿದ್ದು ಯಾರು? 'ಎಡಗೈ ಇರೋದು ನೊಣ ಓಡ್ಸೋಕೆ, ಅದರಲ್ಲಿ ಹಾಕಿದ ಶಿಲುಬೆ ದೇವರಿಗೆ ಕಾಣ್ಸಲ್ಲ' ಅಂದಿದ್ದು ಯಾರು?"

ಶನಿವಾರ ಆ ಮಾತು ಎಲ್ಲಿಂದ ಬಂದು ತನ್ನ ಬಾಯಲ್ಲಿ ಕೂತಿತ್ತು ಎಂಬುದು ಬ್ಲಾಸಿದಾಗೆ ಈಗ ತಿಳಿಯಿತು.

"ಹಾಲುಹಲ್ಲಿನ ಕೂಸಿಗೆ ಆಗಲ್ಲ ಅಂತ ಹೊಡೆದೋಳು ನಾನು. ಈಗ ಕಷ್ಟ ನನ್ನ ಕೈಗೇ ಬಂದಾಗ ಆಗತ್ತೆ ಅಂದ್ರೆ ಅದು ನ್ಯಾಯಾನಾ? ಸುಮ್ನೆ ಇಷ್ಟು ತಿಂಗಳು ಎತ್ತಿದೆ ಕೈನ, ನೆನಪೇ ಆಗ್ಲಿಲ್ಲ. ಹುಡುಗಿ ಬಂದು ಹೇಳಿದಾಗ ನನ್ನ ಮಾತು ನನ್ನ ಬಾಗಿಲು ತಟ್ಟಿತು. ನಾಚಿಕೆ ಆಯ್ತು. ಇವತ್ತು ಸ್ವಾಮಿಯೋರು ಸರಿ ಅಂದ್ರು. ಅವತ್ತು ನಿನ್ನ ಪರವಾಗಿ ಯಾರು ಹೋಗಿ ಕೇಳಿದ್ರು?"

"ನಂಗೇನೂ ಆಗಿಲ್ಲ ಮಾದ್ರೀನಾ," ಎಂದಳು ಬ್ಲಾಸಿದಾ ಅವಸರದಲ್ಲಿ. "ಒಳ್ಳೇದೇ ಆಯ್ತು. ಬಲಗೈ ಅಭ್ಯಾಸ ಆಯ್ತಲ್ಲ."

"ಹೋಗು, ರೊಟ್ಟಿ ಸೀದೀತು," ಎಂದಳು ಮುದುಕಿ.

ಮನೆಗೆ ಹೋದ ಮೇಲೆ ಬ್ಲಾಸಿದಾಗೆ ಆ ಉತ್ತರವೇ ಮತ್ತೆ ಮತ್ತೆ ನೆನಪಾಯಿತು. ತಾನು ಹೇಳಿದ್ದು ನಿಜವೇ, ಸುಳ್ಳೇ? ಮಾದ್ರೀನಾಳನ್ನು ಸಮಾಧಾನ ಮಾಡಲು ಹೇಳಿದ್ದು. ಆದರೆ ಸಮಾಧಾನದ ಸುಳ್ಳೂ ಸುಳ್ಳೇ ಎಂದು ಮಕ್ಕಳಿಗೆ ಹೇಳಿಕೊಟ್ಟವಳು ತಾನೇ. ನೂಲು ಯಾವಾಗಲೋ ಹರಿದು ಹೋಗಿತ್ತು. ಮಾದ್ರೀನಾಳ ಮೇಲೆ ಎಂದೂ ಸಿಟ್ಟು ಬಂದಿರಲಿಲ್ಲ. ಆದರೆ ಒಂದು ಸಂಗತಿಯಿತ್ತು. ಅದನ್ನು ಗಂಡನಿಗೂ ಹೇಳಿರಲಿಲ್ಲ. ಪೂಜೆಯಲ್ಲಿ "ಪಿತನ, ಸುತನ" ಎಂದು ಶುರುವಾಗಿ ಎಲ್ಲರ ಕೈಯೂ ಹಣೆಗೆ ಹೋಗುವಾಗ ಅವಳ ಕೈ ಅರೆಕ್ಷಣ ನಿಲ್ಲುತ್ತಿತ್ತು. ನೂಲಿದ್ದ ಕೈ ಯಾವುದು ಎಂದು ಒಳಗೊಳಗೇ ತಡವಿ ನೋಡಿದ ಮೇಲೆಯೇ ಮೇಲೇಳುತ್ತಿತ್ತು. ಪಕ್ಕದವರು ಅದನ್ನು ಭಕ್ತಿ ಎಂದುಕೊಂಡಿದ್ದರು. ಶಿಲುಬೆಯ ಗುರುತಿನ ಅರ್ಥವನ್ನು ಅವಳು ಮಕ್ಕಳಿಗೆ ಚೆನ್ನಾಗಿ ಬಿಡಿಸಿ ಹೇಳಬಲ್ಲಳು: ಹಣೆ ಮುಟ್ಟಿದರೆ ಯೋಚನೆ ದೇವರದು, ಎದೆ ಮುಟ್ಟಿದರೆ ಪ್ರೀತಿ, ಎರಡು ಭುಜ ಮುಟ್ಟಿದರೆ ದುಡಿಮೆ. ಆದರೆ ತಾನು ಗುರುತು ಹಾಕುವಾಗ ಇದು ಯಾವುದೂ ಅವಳ ತಲೆಯಲ್ಲಿ ಇರುತ್ತಿರಲಿಲ್ಲ. ಕೈ ತಪ್ಪಿತೇನೋ ಎಂಬ ಭಯವೊಂದೇ ಇರುತ್ತಿತ್ತು.

ಗುರುವಾರ ಮಧ್ಯಾಹ್ನ ಸಂಜೆಯ ಪೂಜೆಯ ತಯಾರಿಗೆ ಮಕ್ಕಳು ಚರ್ಚಿನ ಜಗಲಿಯಲ್ಲಿ ಸೇರಿದ್ದರು. ಬ್ಲಾಸಿದಾ ಅವರ ಮುಂದೆ ನಿಂತಳು. ಹೇಳಬೇಕಾದದ್ದನ್ನು ಬೆಳಿಗ್ಗೆಯೇ ಹೊಲಿಗೆ ಯಂತ್ರದ ಮುಂದೆ ಹೇಳಿ ನೋಡಿಕೊಂಡಿದ್ದಳು.

"ಶನಿವಾರ ನಾನೊಂದು ಮಾತು ಹೇಳ್ದೆ, ಎಡಗೈ ಶಿಲುಬೆ ದೇವರಿಗೆ ಕಾಣಲ್ಲ ಅಂತ. ಅದು ತಪ್ಪು. ನಿಮ್ಮನ್ನ ಸುಮ್ನಿರಿಸೋಕೆ ಹೇಳ್ದೆ. ನಾವು ಬಲಗೈಲಿ ಹಾಕ್ತೀವಿ, ಅದು ಪದ್ಧತಿ. ಆದರೆ ಬಲಗೈ ಇಲ್ದೋರ ಶಿಲುಬೇನೂ ಶಿಲುಬೇನೇ."

ಲಾಲಿಪಾಪಿನ ಹುಡುಗ ಕೈ ಎತ್ತಿದ. "ಎರಡೂ ಕೈಲಿ ಸಾಮಾನಿದ್ರೆ ಕಾಲಲ್ಲಿ ಹಾಕಬಹುದಾ ಟೀಚರ್?"

"ನಿನ್ನ ಕಾಲು ಹಣೆಗೆ ತಾಗಿದ್ರೆ ಹಾಕಪ್ಪಾ."

ಅವನು ಅಲ್ಲೇ ಕೂತು ಪ್ರಯತ್ನಿಸಿದ. ನಗುವೆಲ್ಲ ಅಡಗಿದ ಮೇಲೆ ಅರಾಸೆಲಿ ಮೆಲ್ಲಗೆ ಕೇಳಿದಳು:

"ಟೀಚರ್, ನೀವು ಗುರುತು ಹಾಕೋವಾಗ ಮೊದ್ಲು ಒಂಚೂರು ನಿಂತು ಆಮೇಲೆ ಹಾಕ್ತೀರಲ್ಲ, ಯಾಕೆ?"

ಬ್ಲಾಸಿದಾ ತಬ್ಬಿಬ್ಬಾದಳು. ಇದನ್ನು ಯಾರಾದರೂ ಕೇಳಿಯಾರು ಎಂದು ಅವಳು ಎಂದೂ ಅಂದುಕೊಂಡಿರಲಿಲ್ಲ. ಇದಕ್ಕೆ ಉತ್ತರವನ್ನು ಮನೆಯಲ್ಲಿ ಹೇಳಿ ನೋಡಿಕೊಂಡಿರಲಿಲ್ಲ. ಭಕ್ತಿ ಎನ್ನಬಹುದಿತ್ತು. ನಿನ್ನೆಯಷ್ಟೇ ಒಂದು ಸುಳ್ಳು ಹೇಳಿದ್ದಳು, ಇನ್ನೊಂದು ಬೇಡವೆನಿಸಿತು.

"ಯಾವ ಕೈ ಅಂತ ಹುಡುಕ್ತೀನಿ ಮಗಾ. ಚಿಕ್ಕೋಳಿದ್ದಾಗ ನಾನು ಎಡಚಿ. ಇನ್ನೂ ಹುಡುಕ್ತಾನೇ ಇದೀನಿ."

ಹೇಳಿದ ಮರುಕ್ಷಣವೇ ಅವಳಿಗೆ ಹೊಳೆಯಿತು: ಈ ಹುಡುಗಿಯ ಕಿವಿಗೆ ಬಿದ್ದದ್ದು ಸಂಜೆಗೆ ಅಜ್ಜಿಯ ಕಿವಿಗೆ ಬೀಳುತ್ತದೆ. ಕರೆದು ಹೇಳಬೇಡ ಎನ್ನಲೇ? ಹಾಗೆನ್ನುವುದೂ ಸರಿ ಕಾಣಲಿಲ್ಲ. ಆ ಸಂಜೆ ಪೂಜೆಯಲ್ಲಿ ಸ್ವಾಮಿಯವರು ಏನು ಬೋಧಿಸಿದರೆಂಬುದು ಅವಳ ತಲೆಗೆ ಹತ್ತಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಊರು ಮೌನವಾಗಿತ್ತು. ಒಲೆಯಿಲ್ಲ, ರೇಡಿಯೋ ಇಲ್ಲ, ಚರ್ಚಿನ ಗಂಟೆಯೂ ಇಲ್ಲ. ಉಳಿದವರು ಬಂದು ಮುಚ್ಚಿದ ಬಾಗಿಲು ನೋಡುವ ಮೊದಲು ತಾನೇ ಹೋಗಿ ಬಾಗಿಲ ಹೊರಗಾದರೂ ಮೊಣಕಾಲೂರಬೇಕೆಂದು ಬ್ಲಾಸಿದಾ ಬೇಗ ಹೊರಟಳು.

ಬೇಲಿಯ ತಿರುವಿನಲ್ಲಿ ನಿಂತುಬಿಟ್ಟಳು. ಮಾವಿನ ಮರದ ಕೆಳಗೆ ಕುರ್ಚಿಯಿತ್ತು. ಕುರ್ಚಿಯಲ್ಲಿ ನ್ಯಾ ದೆಯೊಲಿಂದಾ ಕಪ್ಪು ಶಾಲು ಹೊದ್ದು ಕೂತಿದ್ದಳು.

ನಿಮಿಯಾ ಬಾಗಿಲಲ್ಲಿ ನಿಂತು ಹುಬ್ಬು ಹಾರಿಸಿದಳು. "ನನ್ನೇನೂ ಕೇಳ್ಬೇಡ. ಎದ್ದೋಳೇ ಕುರ್ಚಿ ಹೊರಗೆ ಹಾಕು ಅಂದ್ಲು. ಹಾಕ್ದೆ."

ಬ್ಲಾಸಿದಾ ಕೆಂಪು ಮಣ್ಣಿನಲ್ಲಿ ಮೊಣಕಾಲೂರಿ ಕೈ ಜೋಡಿಸಿದಳು. "ಆಶೀರ್ವಾದ ಮಾಡಿ, ಮಾದ್ರೀನಾ."

"ಯಾವ ಕೈ ಅಂತ ಹುಡುಕ್ತೀಯಂತೆ," ಎಂದಳು ಮುದುಕಿ.

"ಒಂದ್ ಗಳಿಗೆ ಅಷ್ಟೇ."

"ಇಷ್ಟು ವರ್ಷದ ಗಳಿಗೆಗಳನ್ನೆಲ್ಲ ಸೇರಿಸಿದ್ರೆ ಎಷ್ಟಾಗತ್ತೇ? ಏನೂ ಆಗಿಲ್ಲ ಅಂದೆ ಬುಧವಾರ."

"ಅದು ಸುಳ್ಳು, ಮಾದ್ರೀನಾ."

"ಗೊತ್ತಾಯ್ತು. ಸುಳ್ಳು ಹೇಳೋವಾಗ ನೀನು ಬೇಗ ಬೇಗ ಮಾತಾಡ್ತೀಯ." ಅವಳು ಎಡಗೈ ಚಾಚಿ ಬ್ಲಾಸಿದಾಳ ಜೋಡಿಸಿದ ಕೈಗಳನ್ನು ಮುಟ್ಟಿದಳು. ಎಡಗೈಯ ಹಿಂಬದಿಯ ಮೇಲೆ ಹೆಬ್ಬೆರಳು ಓಡಾಡಿತು. "ಇಲ್ಲೇ ಹೊಡೀತಿದ್ದೆ. ಬಲಗೈಲಿ. ಅದಕ್ಕೇ ಇರಬೇಕು, ದೇವರು ಅದನ್ನ ಮೂಲೆಗೆ ಕೂರಿಸಿದ."

"ಹಾಗನ್ಬೇಡಿ. ದೇವರು ಹಾಗೆ ಮಾಡಲ್ಲ."

"ಪುಸ್ತಕದಲ್ಲಿದೆಯಾ ಅದು?"

"ಇದೆ," ಎಂದಳು ಬ್ಲಾಸಿದಾ. ಆ ಒಂದು ಮಾತನ್ನು ಅವಳು ತಡವರಿಸದೆ ಹೇಳಿದಳು.

ಮುದುಕಿ ಅವಳ ಜೋಡಿಸಿದ ಅಂಗೈಗಳನ್ನೇ ನೋಡುತ್ತಿದ್ದಳು. ಎಡವೂ ಬಲವೂ ಒಂದಕ್ಕೊಂದು ಒತ್ತಿಕೊಂಡಿದ್ದವು, ಬೆರಳಿಗೆ ಬೆರಳು ಸಮ. "ಆಶೀರ್ವಾದ ಕೇಳೋಕೆ ಎರಡೂ ಕೈ ಬೇಕು ನೋಡು," ಎಂದು ತನಗೇ ಹೇಳಿಕೊಂಡಂತೆ ಅಂದಳು. "ಚಿಕ್ಕೋಳಿದ್ದಾಗ ನೀನು ಹೀಗೆ ಕೈ ಜೋಡಿಸಿದ್ರೆ ಎಡಗೈ ತೆಗಿ ಅಂತ ನಾನು ಅಂದಿರ್ಲಿಲ್ಲ. ಅಲ್ವಾ?"

"ಇಲ್ಲ ಮಾದ್ರೀನಾ. ಅಂದಿರ್ಲಿಲ್ಲ."

"ಹೂಂ."

ನ್ಯಾ ದೆಯೊಲಿಂದಾ ಎಡಗೈ ಎತ್ತಿದಳು. ಇಷ್ಟು ತಿಂಗಳು ಯೋಚಿಸದೆ ಎತ್ತಿದ ಕೈಯನ್ನು ಇವತ್ತು ಯೋಚಿಸಿ ಎತ್ತಿದಳು. ಆದ್ದರಿಂದ ಅದು ಭಾರವಾಗಿತ್ತು. "ಪಿತನ," ಎಂದಾಗ ಕೈ ಮೇಲಿತ್ತು. "ಸುತನ," ಎಂದು ಕೆಳಗೆ ಎಳೆದಳು. ಆಮೇಲೆ ಅಡ್ಡಗೆರೆಗೆ ಬಂದಾಗ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಯಾವ ಕಡೆಯಿಂದ ಯಾವ ಕಡೆಗೆ? ಮುದುಕಿಯ ಕಣ್ಣಲ್ಲಿ ಗಲಿಬಿಲಿ ಕಾಣಿಸಿತು.

ಆ ನಿಲುಗಡೆ ಬ್ಲಾಸಿದಾಗೆ ತನ್ನ ಮನೆಯ ಬಾಗಿಲಷ್ಟೇ ಪರಿಚಿತ. ಅದರೊಳಗೆ ಎಷ್ಟು ಒಂಟಿತನವಿರುತ್ತದೆ ಎಂದೂ ಅವಳಿಗೆ ಗೊತ್ತಿತ್ತು. ತಲೆ ಬಾಗಿಸಿಕೊಂಡೇ ಮೆಲ್ಲಗೆ ಹೇಳಿದಳು:

"ಹುಡುಕಿ ಮಾದ್ರೀನಾ. ಅವಸರ ಇಲ್ಲ."

ಕೈ ಹುಡುಕಿತು. ಆಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಸರಿಯಿತು. "ಪವಿತ್ರಾತ್ಮನ. ದೇವರು ನಿನ್ನನ್ನ ಕಾಯ್ಲಿ ಮಗಳೇ," ಎಂದು ಮುದುಕಿ ಅದೇ ಕೈಯನ್ನು ಅವಳ ತಲೆಯ ಮೇಲಿಟ್ಟಳು.

"ಅಜ್ಜೀ, ಉಲ್ಟಾ ಆಯ್ತು!" ಎಂದು ಅರಾಸೆಲಿ ಜಗಲಿಯಿಂದ ಕೂಗಿದಳು. ನಿಮಿಯಾ ಅವಳ ಬಾಯಿ ಮುಚ್ಚಲು ಓಡಿದಳು.

"ಆಗ್ಲಿ ಬಿಡೇ. ಶಿಲುಬೇನ ಯಾವ ಕಡೆಯಿಂದ ನೋಡಿದ್ರೂ ಶಿಲುಬೇನೇ. ನೀನೂ ಬಾ, ಮೊಣಕಾಲೂರು. ಹೋದ ಸಲ ನೀನು ತಂದ ಸುದ್ದಿಗೆ ಕಿವಿ ಹಿಂಡಬೇಕಿತ್ತು. ಈ ಸಲ ತಂದ ಸುದ್ದಿಗೆ ಎರಡು ಚೀಪಾ ಕೊಡ್ತೀನಿ."

ಬ್ಲಾಸಿದಾ ಎದ್ದು ನಿಂತು ತಾನೂ ಶಿಲುಬೆಯ ಗುರುತು ಹಾಕಿಕೊಳ್ಳಲು ಹೋದಳು. ಎಂದಿನಂತೆ ಕೈ ಅರೆಕ್ಷಣ ನಿಂತಿತು. ಅಷ್ಟು ವರ್ಷದ ರೂಢಿ ಒಂದು ಬೆಳಗಿಗೆ ಹೋಗುವಂಥದ್ದಲ್ಲ. ತಲೆಯೆತ್ತಿದರೆ ಮಾದ್ರೀನಾ ಅವಳ ಕೈಯನ್ನೇ ನೋಡುತ್ತಿದ್ದಳು. ಅವಸರಪಡಿಸದೆ ಕಾಯುತ್ತಿದ್ದಳು. ಬ್ಲಾಸಿದಾಳ ಬಲಗೈ ಎದ್ದು ಹಣೆ ಮುಟ್ಟಿತು. ಕೈ ತಪ್ಪಿತೇನೋ ಎಂಬ ಭಯ ಆಗ ಇರಲಿಲ್ಲ.

ಬೇಲಿಯ ಹತ್ತಿರ ಜನ ಸೇರತೊಡಗಿದ್ದರು. ಹೆಂಗಸರು, ಒಗೆದ ಅಂಗಿಯ ಮಕ್ಕಳು, ಟೋಪಿ ಕೈಯಲ್ಲಿ ಹಿಡಿದ ಗಂಡಸರು. ಬಾಗಿಲು ಹಾಕಿದೆಯಂತೆ ಎಂದು ಯಾರೋ ಹೇಳಿದ್ದಿರಬೇಕು. ಎಲ್ಲರೂ ಅನುಮಾನಿಸುತ್ತ ಹೊರಗೇ ನಿಂತಿದ್ದರು. ಅವರ ಹಿಂದೆ ಹಾಲಿನ ಸೆವೇರೋ ಅರ್ಧ ಮರೆಯಾಗಿದ್ದ.

ನ್ಯಾ ದೆಯೊಲಿಂದಾ ಎಡಗೈ ಎತ್ತಿ ಅವನನ್ನು ಕರೆದಳು.

"ಏಯ್ ಸೆವೇರೋ, ಯಾಕೋ ಮತ್ತೆ ಕಂಬದ ಥರ ನಿಂತಿದೀಯಾ? ಬಾರೋ ಮುಂದೆ. ನಿಂಗೆ ಮಂಗಳವಾರದ್ದೂ ಬಾಕಿ ಇದೆ."